377/120: ನಮ್ಮ ಲೇಥ್‌ಗೆ ಒಗ್ಗಿದ ಪೈ

ಮಾಡ್ಯೂಲ್ ವರ್ಮ್ (ಸ್ಕ್ರೂ ತರಹದ ಗೇರ್) ಕಟ್ ಮಾಡಿದವರಿಗೆ ಗೊತ್ತು, ಪಿಚ್‌ನಲ್ಲಿ, ಅಂದರೆ ಒಂದು ಎಳೆಯಿಂದ ಮುಂದಿನ ಎಳೆಗಿರುವ ದೂರದಲ್ಲಿ, ಪೈ ಬಂದು ಕೂರುತ್ತೆ: ಮಾಡ್ಯೂಲ್ ಅನ್ನುವ ಅಳತೆ ಗುಣಿಸು ಪೈ. ಲೇಥ್‌ನಲ್ಲಿ ಪಿಚ್ ಬರುವುದು ಗೇರ್ ಹಲ್ಲುಗಳ ಅನುಪಾತದಿಂದ, ಹಾಗಾಗಿ ಪೈಗೆ ಒಂದು ಭಿನ್ನರಾಶಿ ಬೇಕು. ದಾವಣಗೆರೆಯಲ್ಲಿ ನಮ್ಮ ಸುತ್ತಮುತ್ತ ಎಲ್ಲರೂ 22/7 ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಗಿಡ್ಡ ವರ್ಮ್‌ಗೆ ನಡೆಯುತ್ತೆ. ಆದರೆ ಹರಿಹರದ ಒಂದು ಪಾರ್ಟಿ 2 ಮಾಡ್ಯೂಲಿನ ಉದ್ದ ವರ್ಮನ್ನು 20 ಪಿಚ್ ಅಳೆದು ವಾಪಸ್ ಕಳಿಸಿತು. 0.05 ಮಿ.ಮೀ. ಜಾಸ್ತಿ. ರಾಡು, ಕೂಲಿ ಸೇರಿ ಮೂರು ಸಾವಿರದ ಹತ್ತಿರ ನೀರಿಗೆ ಹೋಯಿತು.

355/113 ಹಾಕಿದರೆ ಪೈ ಆರು ದಶಮಾಂಶದವರೆಗೂ ಸರಿ. ಆದರೆ 113 ಹಲ್ಲಿನ ಗೇರ್ ಯಾರ ಸೆಟ್ಟಿನಲ್ಲಿದೆ? ಅದು ಅವಿಭಾಜ್ಯ ಬೇರೆ, ಹಲ್ಲು ಕಟ್ ಮಾಡೋಕೆ ಡಿಫರೆನ್ಷಿಯಲ್ ಇಂಡೆಕ್ಸಿಂಗ್ ಅನ್ನುವ ತೊಡಕಿನ ವಿಧಾನ ಬೇಕು. ಕೇಳಿದ ಕಡೆ ಐದು ಸಾವಿರ ಅಂದರು.

ಆಗ ಕಂಟಿನ್ಯೂಡ್ ಫ್ರ್ಯಾಕ್ಷನ್ ಹಿಡಿದೆ, ಒಂದು ಸಂಖ್ಯೆಗೆ ಹತ್ತಿರದ ಭಿನ್ನರಾಶಿಗಳನ್ನು ಹುಡುಕುವ ಲೆಕ್ಕ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಪೈನಲ್ಲಿ 3 ತೆಗೆದು, ಉಳಿದದ್ದರಿಂದ 1ನ್ನು ಭಾಗಿಸಿ: 7.06. 7 ತೆಗೆದು ಮತ್ತೆ ಭಾಗಿಸಿ: 15.99. 15 ತೆಗೆದು ಮತ್ತೆ ಭಾಗಿಸಿ: 1.003. ಹೀಗೆ ತೆಗೆದ 3, 7, 15, 1ನ್ನು ಹಿಂದಕ್ಕೆ ಜೋಡಿಸಿದರೆ ಇಷ್ಟರಲ್ಲೇ 22/7, 333/106, 355/113 ಮೂರೂ ಸಿಗುತ್ತವೆ. "ಲೇಥ್ ಓಡಿಸೋನಿಗೆ ಮೇಷ್ಟ್ರ ಲೆಕ್ಕ ಯಾಕಪ್ಪಾ?" ಅಂತ ಎದುರು ಶೆಡ್ಡಿನವರು ನಕ್ಕರು. ನಡುವಿನ 333/106 ಕೈಗೆ ಬರಲಿಲ್ಲ, ಅದಕ್ಕೆ 37, 53 ಎರಡೂ ಹೊಸ ಗೇರ್ ಬೇಕು.

ಸುಮ್ನೆ ಕೂತು 22/7 ಮತ್ತು 355/113ರಲ್ಲಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದೆ. ಶಾಲೆಯಲ್ಲಿ ಹೀಗೆ ಕೂಡಿದ್ದರೆ ಬೆತ್ತದ ಏಟು ಬೀಳುತ್ತಿತ್ತು! ಬಂದದ್ದು 377/120. 377 ಅಂದರೆ 13 ಗುಣಿಸು 29. 13ಕ್ಕೆ 65 ಹಲ್ಲಿನದು ಸೆಟ್ಟಿನಲ್ಲೇ ಇತ್ತು. 29ಕ್ಕೆ 58 ಮಾತ್ರ ಮಾಡಬೇಕು. ಡಿವೈಡಿಂಗ್ ಹೆಡ್‌ನಲ್ಲಿ (ಹಲ್ಲುಗಳಿಗೆ ಸುತ್ತನ್ನು ಸಮಭಾಗ ಮಾಡುವ ಸಾಧನ) 29 ತೂತಿನ ಸುತ್ತಿನಲ್ಲಿ 20 ತೂತು ಸರಿಸುತ್ತಾ ಹೋದರೆ ಆಯಿತು. ಖರ್ಚು ಆರೇಳು ನೂರು.

ನಮ್ಮ ಲೇಥ್‌ನ ಲೀಡ್ ಸ್ಕ್ರೂ (ಟೂಲನ್ನು ಮುಂದೆ ಸರಿಸುವ ಉದ್ದ ಸ್ಕ್ರೂ) ಪಿಚ್ 6 ಮಿ.ಮೀ. ಅದಕ್ಕೆ 65/40, 58/90 ಎರಡು ಜೋಡಿ ಗೇರ್ ಕಟ್ಟಿದೆ. 20 ಪಿಚ್‌ಗೆ ಲೆಕ್ಕದ ವ್ಯತ್ಯಾಸ 3 ಮೈಕ್ರಾನ್ ಅಷ್ಟೇ, ನಮ್ಮ ಹಳೇ ಲೀಡ್ ಸ್ಕ್ರೂ ಸವೆತವೇ ಅದಕ್ಕಿಂತ ಜಾಸ್ತಿ. ಪಾರ್ಟಿ ಮರುಮಾತಿಲ್ಲದೆ ತಗೊಂಡಿತು. ಆ ಸವೆತವನ್ನು ಹೇಗೆ ಸಂಭಾಳಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ನಕ್ಕವರೇ ಈಗ 58ರ ಗೇರ್ ಕಡ ಕೇಳುತ್ತಾರೆ, ಕೊಡುತ್ತೇನೆ.

ಇದೇನು ಹೊಸದಲ್ಲ ಬಿಡಿ. 17ನೇ ಶತಮಾನದಲ್ಲೇ ಡಚ್ ವಿಜ್ಞಾನಿ ಹೈಗನ್ಸ್ ಗ್ರಹಗಳ ಚಲನೆ ತೋರಿಸುವ ತನ್ನ ಗ್ರಹಯಂತ್ರಕ್ಕೆ ಹೀಗೆ ಗೇರ್ ಆರಿಸಿದ್ದ, ಶನಿಗೆ 206/7.

ಈಗ ಇಂಚಿನ ಥ್ರೆಡ್ಡಿಗೆ ಕೈ ಹಾಕಿದ್ದೇನೆ. ಇಂಚು ಅಂದರೆ 25.4 ಮಿ.ಮೀ., ಅದರ ಐದು ಪಟ್ಟು 127, ಅದಕ್ಕೇ ಆ ಗೇರ್ ಬೇಕಾಗುತ್ತೆ. 127ರ ಗೇರ್ ಇಲ್ಲದವರಿಗೆ 127/100 ಬದಲು 47/37 ನಡೆಯುತ್ತೆ, ಹತ್ತು ಸಾವಿರಕ್ಕೆ ಎರಡರಷ್ಟು ತಪ್ಪು. ಪೈಪ್ ಥ್ರೆಡ್ಡಿಗೆ ಧಾರಾಳ ಆಯಿತು. 37 ಕಟ್ ಆಗಿದೆ, 47ಕ್ಕೆ ಬ್ಲ್ಯಾಂಕ್ ತಿರುಗಿಸಿ ಇಟ್ಟಿದ್ದೇನೆ.