ಸರ್ಟಿಫಿಕೇಟ್ ಬಂತು, ಕಲಿತದ್ದು ಕೈಗೆ ಬಂತಾ?

ನೋಂದಣಿ ನವೀಕರಣದ ತಾರೀಖು ಹತ್ತಿರ ಬಂತು ಅಂದ ಕೂಡಲೇ ಸಿಕ್ಕಿದ ವೆಬಿನಾರ್ ಹಾಕಿಕೊಂಡು, ಪಕ್ಕದಲ್ಲಿ ಕೇಸ್ ನೋಟ್ಸ್ ಬರೆಯುತ್ತಾ, ಕೊನೆಯ ಹತ್ತು ಪ್ರಶ್ನೆಗೆ ಟಿಕ್ ಹಾಕಿ ಸರ್ಟಿಫಿಕೇಟ್ ಇಳಿಸಿಕೊಳ್ಳುವವರು ನಮ್ಮಲ್ಲಿ ಜಾಸ್ತಿ. ನವೀಕರಣಕ್ಕೆ ತೋರಿಸಬೇಕಾದ ಕಲಿಕೆಯ ಗಂಟೆಗಳ ಲೆಕ್ಕವೇನೋ ಸರಿಹೋಗುತ್ತದೆ. ಮರುದಿನ ಎದುರಿಗೆ ಬಂದು ಕೂತವರಿಗೆ ಅದರಿಂದ ಏನು ಸಿಕ್ಕಿತು? ನೀವು ಮನಶ್ಶಾಸ್ತ್ರಜ್ಞರಾಗಿರಿ, ಆಪ್ತಸಮಾಲೋಚಕರಾಗಿರಿ, ಮನೋವೈದ್ಯರಾಗಿರಿ, ಈ ವರ್ಷದ ಕಲಿಕೆಯನ್ನು ಈ ಪ್ರಶ್ನೆಯಿಂದಲೇ ಶುರು ಮಾಡಿ.

ಮೊದಲು ನಿಯಮ ಓದಿಬಿಡಿ. ಎಷ್ಟು ಗಂಟೆ ಬೇಕು, ಯಾವ ಕೋರ್ಸಿಗೆ ಮಾನ್ಯತೆ ಇದೆ, ವೃತ್ತಿನೀತಿಗೆ ಬೇರೆ ಗಂಟೆ ಇದೆಯಾ ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಬ್ರಿಟನ್ನಿನಲ್ಲಿ ಮನಶ್ಶಾಸ್ತ್ರಜ್ಞರೂ ಸೇರಿದಂತೆ ಹಲವು ಆರೋಗ್ಯ ವೃತ್ತಿಗಳ ನೋಂದಣಿ ನೋಡಿಕೊಳ್ಳುವ ಮಂಡಳಿಯಾದ ಎಚ್‌ಸಿಪಿಸಿಯ ರೀತಿ ನನಗೆ ಇಷ್ಟ. ಅಲ್ಲಿ ಇಷ್ಟೇ ಗಂಟೆ ಅನ್ನುವ ಲೆಕ್ಕ ಇಲ್ಲ. ಎರಡು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಕೆಲವರನ್ನು ಆರಿಸಿ, ಕಲಿತದ್ದರಿಂದ ನಿಮ್ಮ ಕೆಲಸಕ್ಕೆ ಮತ್ತು ನಿಮ್ಮ ಬಳಿ ಬರುವವರಿಗೆ ಏನು ಉಪಯೋಗವಾಯಿತು ಅಂತ ಕೇಳುತ್ತಾರೆ. ನಿಮ್ಮ ಮಂಡಳಿ ಕೇಳದಿದ್ದರೂ ನೀವೇ ಕೇಳಿಕೊಳ್ಳಬಹುದು, ಅಲ್ವಾ?

ಇನ್ನು ಏನು ಕಲಿಯಬೇಕು ಅನ್ನುವುದು. ಇಲ್ಲಿ ಮನಸ್ಸಿನ ಮಾತನ್ನು ಮಾತ್ರ ನಂಬಬೇಡಿ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 129 ಮಾನಸಿಕ ಆರೋಗ್ಯ ವೃತ್ತಿಪರರನ್ನು, ನಿಮ್ಮಂಥವರ ನಡುವೆ ನೀವು ಎಲ್ಲಿ ನಿಲ್ಲುತ್ತೀರಿ ಅಂತ ಕೇಳಿದರು. ತಾವು ಸರಾಸರಿಗಿಂತ ಕೆಳಗಿದ್ದೇವೆ ಅಂದವರು ಒಬ್ಬರೂ ಇರಲಿಲ್ಲ. ಹಾಗಾಗಿ ಹಳೆಯ ಫೈಲುಗಳನ್ನು ತೆಗೆಯಿರಿ. ಒಂದೆರಡು ಸೆಷನ್‌ಗೆ ಬಂದು ಮತ್ತೆ ಬಾರದವರು ಯಾರು? ಪಿಎಚ್‌ಕ್ಯೂ-9 (ಖಿನ್ನತೆಯ ತೀವ್ರತೆ ಅಳೆಯುವ ಪ್ರಶ್ನಾವಳಿ) ಅಂಕ ತಿಂಗಳುಗಟ್ಟಲೆ 18ರಲ್ಲೇ ನಿಂತದ್ದು ಯಾರದ್ದು? ಅಪಾಯಿಂಟ್‌ಮೆಂಟ್ ಪಟ್ಟಿಯಲ್ಲಿ ಯಾರ ಹೆಸರು ನೋಡಿದರೆ ನಿಮಗೆ ಒಳಗೊಳಗೇ ಭಾರವಾಗುತ್ತದೆ? ಐದಾರು ಫೈಲು ಸಾಕು. ಅವುಗಳಲ್ಲಿ ಒಂದೇ ಎಳೆ ಮತ್ತೆ ಮತ್ತೆ ಕಾಣಿಸುತ್ತದೆ. ಸಿಟ್ಟು ಮಾಡಿಕೊಳ್ಳುವವರ ಮುಂದೆ ನೀವು ಸುಮ್ನಾಗಿಬಿಡುತ್ತಿರಬಹುದು, ಆತ್ಮಹತ್ಯೆಯ ಯೋಚನೆ ಇದೆಯಾ ಅಂತ ನೇರವಾಗಿ ಕೇಳಲು ಹಿಂಜರಿಯುತ್ತಿರಬಹುದು. ಈ ವರ್ಷದ ವಿಷಯ ಅದೇ.

ಆಮೇಲೆ ಕೋರ್ಸು. ನಿಮಗೆ ಬೇಕಿರುವುದು ಮಾಹಿತಿಯೋ ಕೌಶಲವೋ, ನೋಡಿಕೊಳ್ಳಿ. ಐಸಿಡಿ-11 (ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ) ಜಾರಿಗೆ ಬಂದದ್ದು 2022ರ ಜನವರಿಯಲ್ಲಿ, ಪದೇ ಪದೇ ಅಥವಾ ಬಹುಕಾಲ ಅನುಭವಿಸಿದ ಆಘಾತದಿಂದ ಬರುವ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅದರಲ್ಲಿ ಬೇರೆಯೇ ರೋಗನಿರ್ಣಯವಾಗಿ ಸೇರಿತು. ಅದೇ ವರ್ಷ ಬಂದ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5-ಟಿಆರ್‌ನಲ್ಲಿ ದೀರ್ಘಕಾಲದ ಶೋಕಕ್ಕೂ ಜಾಗ ಸಿಕ್ಕಿತು. ಇಂಥದ್ದಕ್ಕೆ ಓದು ಸಾಕು, ವೆಬಿನಾರ್ ಸಾಕು. ಕೌಶಲ ಹಾಗಲ್ಲ. ದುಡ್ಡು ಕಟ್ಟುವ ಮೊದಲು ಆಯೋಜಕರನ್ನು ಕೇಳಿ: ಕಲಿಸುವವರು ತಮ್ಮ ಸೆಷನ್ ತೋರಿಸುತ್ತಾರಾ, ನಮ್ಮ ಕೈಲಿ ರೋಲ್ ಪ್ಲೇ ಮಾಡಿಸುತ್ತಾರಾ, ಕೋರ್ಸು ಮುಗಿದ ಮೇಲೆ ನಮ್ಮ ಕೆಲಸ ನೋಡಿ ತಿದ್ದುತ್ತಾರಾ? ಮೂರಕ್ಕೂ ಇಲ್ಲ ಅಂದರೆ ಬೇರೆ ಕಡೆ ಹುಡುಕಿ.

ಮೂರನೆಯ ಪ್ರಶ್ನೆಯೇ ಮುಖ್ಯ. ಬದಲಾಗುವ ಇಚ್ಛೆಯನ್ನು ಕ್ಲೈಂಟ್ ಬಾಯಿಂದಲೇ ಹೊರತರುವ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ವಿಧಾನವನ್ನು ಬೆಳೆಸಿದ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 2004ರಲ್ಲಿ, ವ್ಯಸನ ಚಿಕಿತ್ಸೆಯಲ್ಲಿದ್ದ 140 ವೃತ್ತಿಪರರಿಗೆ ಅದನ್ನು ಬೇರೆ ಬೇರೆ ರೀತಿಯಲ್ಲಿ ಕಲಿಸಿ ನೋಡಿದರು. ವರ್ಕ್‌ಶಾಪ್ ಮುಗಿದ ಮೇಲೂ ಫೀಡ್‌ಬ್ಯಾಕ್ ಅಥವಾ ಕೋಚಿಂಗ್ ಸಿಕ್ಕವರ ಕೌಶಲ ಇನ್ನಷ್ಟು ಏರಿತು. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ತಮಗೆ ಎಷ್ಟು ಬರುತ್ತದೆ ಅಂತ ಅವರು ಹೇಳಿಕೊಂಡದ್ದಕ್ಕೂ ಅವರ ಕೆಲಸದಲ್ಲಿ ಕಂಡದ್ದಕ್ಕೂ ಸಂಬಂಧವೇ ಇರಲಿಲ್ಲ.

ಅದಕ್ಕೇ ಕೋರ್ಸು ಮುಗಿದ ವಾರದಲ್ಲೇ ಮೂರು ನಾಲ್ಕು ಸಹೋದ್ಯೋಗಿಗಳನ್ನು ಜೊತೆ ಮಾಡಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಸೇರಿ. ಕ್ಲೈಂಟ್‌ಗೆ ಯಾಕೆ ರೆಕಾರ್ಡ್ ಮಾಡುತ್ತೇವೆ, ಅದನ್ನು ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತೇವೆ ಅಂತೆಲ್ಲಾ ಬಿಡಿಸಿ ಹೇಳಿ, ಲಿಖಿತ ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡಿ. ಅವರು ಬೇಡ ಅಂದರೆ ಅಲ್ಲಿಗೇ ಬಿಡಿ, ಒತ್ತಾಯ ಬೇಡ. ಪೂರ್ತಿ ಸೆಷನ್ ಕೇಳಿಸಬೇಕಿಲ್ಲ, ನೀವು ತಡವರಿಸಿದ ಹತ್ತು ನಿಮಿಷ ಸಾಕು. "ಮನೆಯಲ್ಲಿ ನನ್ನ ಮಾತು ಯಾರೂ ಕೇಳಲ್ಲ" ಅಂತ ಕ್ಲೈಂಟ್ ಹೇಳಿದ ತಕ್ಷಣ ನೀವು "ಎಷ್ಟು ದಿನದಿಂದ?" ಅಂತ ಕೇಳಿದ್ದೀರಿ ಅಂತಿಟ್ಟುಕೊಳ್ಳಿ. ಟೇಪು ನಿಲ್ಲಿಸಿ. "ಹೇಳಿ ಹೇಳಿ ಸಾಕಾಗಿದೆ ನಿಮಗೆ" ಅಂತ ಹೇಳಿ ಸುಮ್ಮನೆ ಕೂತಿದ್ದರೆ ಅವರು ಮುಂದೆ ಏನು ಹೇಳುತ್ತಿದ್ದರು? ಒಬ್ಬರು ಕ್ಲೈಂಟ್ ಆಗಿ, ನೀವು ಅದೇ ಜಾಗವನ್ನು ಐದು ಸಲ ಬೇರೆ ಬೇರೆ ಥರ ಮಾಡಿ ನೋಡಿ. ಮೊದಲೆರಡು ಸಲ ನಾಚಿಕೆಯಾಗುತ್ತದೆ, ನಾಲ್ಕನೆಯದರ ಹೊತ್ತಿಗೆ ನಾಲಿಗೆ ಹೊರಳುತ್ತದೆ. ಗೆಳೆಯರು ಬರೀ ಹೊಗಳಿದರೆ ಏನೂ ಬದಲಾಗುವುದಿಲ್ಲ, ಆದ್ದರಿಂದ ಈ ಕೆಲಸದಲ್ಲಿ ನಿಮಗಿಂತ ನುರಿತ ಒಬ್ಬರು ಆಗಾಗ ಬಂದು ಕೂರುವಂತೆ ನೋಡಿಕೊಳ್ಳಿ.

ಕೊನೆಗೆ ದಾಖಲೆ. ಸರ್ಟಿಫಿಕೇಟುಗಳನ್ನು ಒಂದೇ ಫೋಲ್ಡರಿನಲ್ಲಿ ಹಾಕಿಡಿ, ಅಷ್ಟೇ. ಅದರ ಜೊತೆ ನಾಲ್ಕು ಸಾಲು ಬರೆಯಿರಿ: ಏನು ತೊಂದರೆ ಇತ್ತು, ಏನು ಕಲಿತೆ, ಯಾವ ಸೆಷನ್‌ನಲ್ಲಿ ಬಳಸಿದೆ, ಏನಾಯಿತು. ಕ್ಲೈಂಟ್ ಹೆಸರಾಗಲಿ, ಗುರುತು ಸಿಗುವ ವಿವರವಾಗಲಿ ಬೇಡ. ಕೆಳಗೆ ಮೂರು ತಿಂಗಳ ನಂತರದ ಒಂದು ತಾರೀಖು ಹಾಕಿ. ಆ ದಿನ ಮೊದಲು ತೆಗೆದಿದ್ದ ಆ ಐದಾರು ಫೈಲುಗಳನ್ನೇ ಮತ್ತೆ ತೆಗೆದು, ಈಗಲೂ ಬರುತ್ತಿರುವವರು ಯಾರು, ಅವರ ಅಂಕ ಎಲ್ಲಿದೆ, ನೋಡಿ.