ಇಪ್ಪತ್ತೆಂಟನೆಯ ದಿನದ ಲೆಕ್ಕ

ಅಸ್ಥಿಮಜ್ಜೆಯ ಕಸಿಯಾದ ಮೇಲೆ ದಾನಿಯ ಟಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಮಗುವಿನ ಚರ್ಮ, ಕರುಳು, ಯಕೃತ್ತುಗಳ ಮೇಲೆಯೇ ಎರಗುವ ತೊಡಕನ್ನು ನಾವು ವಾರ್ಡಿನಲ್ಲಿ ಜಿವಿಎಚ್‌ಡಿ ಎನ್ನುತ್ತೇವೆ. ಮೊದಲು ಕೊಡುವುದು ಸ್ಟೀರಾಯ್ಡ್. ಸುಮಾರು ಅರ್ಧದಷ್ಟು ರೋಗಿಗಳಿಗೆ ಅದೊಂದೇ ಸಾಲದು. ಅಂಥವರಿಗಾಗಿ 2019ರಲ್ಲಿ ಅಮೆರಿಕದಲ್ಲಿ ರಕ್ಸೋಲಿಟಿನಿಬ್ ಮಾತ್ರೆ‌ಗೆ ಒಪ್ಪಿಗೆ ದೊರೆತಾಗಲೂ ಅದು 12 ವರ್ಷ ತುಂಬಿದವರಿಗೆ ಮಾತ್ರವಿತ್ತು. ಇನ್ನೂ ಚಿಕ್ಕ ಮಕ್ಕಳಲ್ಲಿ ಹೊಸ ಔಷಧವೊಂದನ್ನು ಪರೀಕ್ಷಿಸುವಾಗ ಮುಂಬೈಯ ಆಸ್ಪತ್ರೆಯೊಂದರಲ್ಲಿ ನಾನು ಸಂಶೋಧನಾ ನರ್ಸ್ ಆಗಿದ್ದೆ.

ಔಷಧಕ್ಕೆ ರೋಗ ಬಗ್ಗಿತೋ ಇಲ್ಲವೋ ಎಂಬುದನ್ನು ಅದನ್ನು ಆರಂಭಿಸಿದ 28ನೆಯ ದಿನ ನೋಡುತ್ತಾರೆ. ಯಕೃತ್ತಿನ ಸ್ಥಿತಿ ತೋರಿಸುವ ಬಿಲಿರುಬಿನ್ ಎಂಬ ರಕ್ತದ ಅಂಶದ ಲೆಕ್ಕ ಪ್ರಯೋಗಾಲಯದಿಂದ ಬರುತ್ತದೆ, ಚರ್ಮದ ದದ್ದನ್ನು ವೈದ್ಯರು ಅಳೆಯುತ್ತಾರೆ, ಭೇದಿಯ ಲೆಕ್ಕ ಮಾತ್ರ ಪೂರ್ತಿ ನಮ್ಮ ಕೈಯಲ್ಲಿರುತ್ತದೆ. 50 ಕೆಜಿಯೊಳಗಿನ ಮಕ್ಕಳಲ್ಲಿ ದಿನಕ್ಕೆ, ದೇಹತೂಕದ ಪ್ರತಿ ಕೆಜಿಗೆ 10 ಮಿಲಿ ಮುಟ್ಟಿದರೆ ಮೊದಲ ಹಂತ, 20 ಆದರೆ ಎರಡನೆಯದು, 30 ದಾಟಿದರೆ ಮೂರನೆಯದು. 12 ಕೆಜಿಯ ಮಗುವಿಗೆ ಎರಡನೆಯ ಹಂತವೆಂದರೆ 240 ಮಿಲಿ, ಆದ್ದರಿಂದ ಒಂದೇ ಡಯಾಪರ್ ಕಸದ ಬುಟ್ಟಿ ಸೇರಿದರೂ ಹಂತ ಬದಲಾಗಬಹುದು.

ಒಣ ಡಯಾಪರಿನ ತೂಕವನ್ನು ಮೊದಲೇ ಬರೆದಿಟ್ಟು, ಬದಲಿಸಿದೊಡನೆ ತೂಗಿ ಕಳೆಯುತ್ತಿದ್ದೆ. ಒಂದು ಗ್ರಾಂ ಎಂದರೆ ಒಂದು ಮಿಲಿ. ಮೂತ್ರ ಬೆರೆತು ಬೇರ್ಪಡಿಸಲಾಗದಿದ್ದರೆ ಅರ್ಧವನ್ನು ಮಾತ್ರ ಭೇದಿಯೆಂದು ಹಿಡಿಯುವುದು ನಿಯಮ. ಸಾಧ್ಯವಾದಾಗಲೆಲ್ಲ ಮೂತ್ರದ ಚೀಲ ಅಂಟಿಸುವುದೇ ಮೇಲೆಂದು ನನ್ನ ಅಭಿಪ್ರಾಯ, ಆದರೆ ದದ್ದೆದ್ದ ಚರ್ಮಕ್ಕೆ ಅಂಟು ತಾಗಿಸುವುದು ಕ್ರೌರ್ಯವಾದೀತು.

ರಾತ್ರಿ ಡಯಾಪರ್ ಬದಲಿಸುವವರು ತಾಯಂದಿರೇ. ವಿಜಯಪುರದ ಕಡೆಯ ತಾಯಿಯೊಬ್ಬರು, "ಸಿಸ್ಟರ್, ಇದನ್ನ ತೂಗಿ ಏನ್ ಮಾಡ್ತೀರ್ರಿ?" ಎಂದು ಕೇಳಿದರು. "ಔಷಧ ನಾಟೇತೋ ಇಲ್ಲೋ ಅನ್ನೂದು ಇದರಾಗ ಗೊತ್ತಾಗ್ತದ್ರೀ ಅವ್ವಾರ" ಎಂದೆ. ಅಂದಿನಿಂದ ಅವರು ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಸಮಯ ಬರೆದು ಇಡುತ್ತಿದ್ದರು. ಒಪ್ಪಿಗೆ ಪತ್ರವನ್ನು ಅವರಿಗೆ ಕನ್ನಡದಲ್ಲೇ ಓದಿ ಹೇಳಿದ್ದೆವು. ಔಷಧದ ಪರೀಕ್ಷೆಯಿಂದ ಯಾವಾಗ ಬೇಕಾದರೂ ಹೊರಬರಬಹುದು, ಆಗಲೂ ಮಗುವಿನ ಚಿಕಿತ್ಸೆ ನಿಲ್ಲದು ಎಂಬ ಮಾತನ್ನು ಅವರ ಬಾಯಿಂದಲೇ ಮರಳಿ ಕೇಳುವವರೆಗೂ ಸಹಿ ಪಡೆಯಲಿಲ್ಲ.

ಸ್ಟೀರಾಯ್ಡ್ ಇಳಿಸುತ್ತ ಬಂದಂತೆ ಕೆಲವೊಮ್ಮೆ ಭೇದಿ ಮರಳುತ್ತದೆ. 28ನೆಯ ದಿನ ಹತ್ತಿರವಿದ್ದಾಗ ಆ ಅಂಕಿಯನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ತಕ್ಕಡಿ ತೋರಿಸಿದ್ದನ್ನೇ ಬರೆದು ಅದೇ ಪಾಳಿಯಲ್ಲಿ ವೈದ್ಯರಿಗೆ ತಿಳಿಸುತ್ತಿದ್ದೆ, ಏಕೆಂದರೆ ಸ್ಟೀರಾಯ್ಡನ್ನು ಮತ್ತೆ ಏರಿಸಬೇಕೇ ಎಂಬ ತೀರ್ಮಾನವೂ ಅದನ್ನೇ ಅವಲಂಬಿಸಿತ್ತು.