ಗೋಡೆಗಳನ್ನೇ ನಂಬಿ ಕಟ್ಟಿದ ಡೆಕ್: ನನ್ನ ಅನುಭವ

ನಾನು ಚಿತ್ರದುರ್ಗದವನು. ಏಳು ಸುತ್ತಿನ ಕೋಟೆ ಹತ್ತಿ ಇಳಿದು ಬೆಳೆದವನು. ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡಲು ಕಲಿತಾಗಲೂ ಮೊದಲು ಕಣ್ಣಿಗೆ ಬಿದ್ದಿದ್ದು ಡ್ರ್ಯಾಗನ್ ಅಲ್ಲ, ಗೋಡೆ. ಈ ಆಟದಲ್ಲಿ ವಾಲ್ (ಗೋಡೆ) ಅನ್ನೋ ಜಾತಿಯ ಕ್ರೀಚರ್‌ಗಳು, ಅಂದರೆ ಹೋರಾಡುವ ಕಾರ್ಡ್‌ಗಳು, 1993ರ ಮೊದಲ ಸೆಟ್‌ನಿಂದಲೇ ಇವೆ. ಅವು ದಾಳಿ ಮಾಡುವಂತಿಲ್ಲ, ಬರೀ ತಡೆಯಬೇಕು. 2004ರಲ್ಲಿ ಚಾಂಪಿಯನ್ಸ್ ಆಫ್ ಕಾಮಿಗಾವಾ ಸೆಟ್ ಬಂದಾಗ ಈ ಗುಣಕ್ಕೆ ಡಿಫೆಂಡರ್ ಅಂತ ಹೆಸರಿಟ್ಟರು.

ಭಾನುವಾರ ನಮ್ಮ ಮನೆಯಲ್ಲಿ ನಾಲ್ಕು ಜನ ಕೂತು ಕಮಾಂಡರ್ ಅನ್ನೋ ಬಗೆಯ ಆಟ ಆಡುತ್ತೇವೆ. ನಾನು, ಅಕ್ಕನ ಮಗ, ಇಬ್ಬರು ಗೆಳೆಯರು. ಒಬ್ಬೊಬ್ಬರಿಗೆ 100 ಕಾರ್ಡ್‌ನ ಡೆಕ್, 40 ಲೈಫ್. ಬೇಸಿಕ್ ಲ್ಯಾಂಡ್ (ಕಾರ್ಡ್ ಇಳಿಸಲು ಬೇಕಾದ ಮಾನಾ ಅನ್ನೋ ಶಕ್ತಿ ಕೊಡುವ ಕಾರ್ಡ್) ಬಿಟ್ಟರೆ ಯಾವ ಕಾರ್ಡೂ ಎರಡು ಸಲ ಇರುವಂತಿಲ್ಲ. ನನ್ನ ಕಮಾಂಡರ್, ಅಂದರೆ ಡೆಕ್‌ನ ನಾಯಕ ಕಾರ್ಡ್, ಆರ್ಕೇಡ್ಸ್, ದ ಸ್ಟ್ರಾಟಜಿಸ್ಟ್. 2018ರಲ್ಲಿ ಬಂದ 'ಕೋರ್ ಸೆಟ್ 2019' ಅನ್ನೋ ಸೆಟ್‌ನ ಕಾರ್ಡ್. ನಾಲ್ಕು ಮಾನಾಗೆ ಹಾರುವ 3/5 ಡ್ರ್ಯಾಗನ್: 3 ಪವರ್ (ಹೊಡೆಯುವ ಬಲ), 5 ಟಫ್‌ನೆಸ್ (ತಡೆದುಕೊಳ್ಳುವ ಬಲ). ಆದರೆ ಇದರ ನಿಜವಾದ ಬೆಲೆ ಕೆಳಗೆ ಬರೆದಿರುವ ಎರಡು ಸಾಲಿನಲ್ಲಿದೆ. ಡಿಫೆಂಡರ್ ಒಂದು ನಮ್ಮ ಕಡೆ ಮೇಜಿಗೆ ಬಂದರೆ ನಮಗೆ ಒಂದು ಕಾರ್ಡ್ ಸಿಗುತ್ತದೆ. ಜೊತೆಗೆ ಡಿಫೆಂಡರ್‌ಗಳು ದಾಳಿ ಮಾಡಬಹುದು, ಹೊಡೆತ ಪವರ್ ಲೆಕ್ಕದಲ್ಲಿ ಅಲ್ಲ, ಟಫ್‌ನೆಸ್ ಲೆಕ್ಕದಲ್ಲಿ. ಅಂದರೆ 0/8 ಗೋಡೆ 8 ಪಾಯಿಂಟ್ ಹೊಡೆಯುತ್ತದೆ!

ಮೊದಲ ಸಲ ಕಟ್ಟಿದಾಗ ನಾನು ದೊಡ್ಡ ಗೋಡೆಗಳನ್ನೇ ಆರಿಸಿದ್ದೆ. ಐದು, ಆರು ಮಾನಾದ ಗೋಡೆಗಳು. ಟಫ್‌ನೆಸ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಲ್ವಾ ಅಂತ ಲೆಕ್ಕ. ನಾಲ್ಕು ಭಾನುವಾರ ಸೋತೆ. ಮೊದಲ ನಾಲ್ಕು ಟರ್ನ್ ನನ್ನ ಮುಂದೆ ಮೇಜು ಖಾಲಿ ಇರುತ್ತಿತ್ತು. ಆರ್ಕೇಡ್ಸ್ ಬಂದ ಮೇಲೆ ಒಂದು ಟರ್ನ್‌ಗೆ ಒಂದೇ ಗೋಡೆ, ಒಂದೇ ಕಾರ್ಡ್. ಅಷ್ಟು ಹೊತ್ತಿಗೆ ಉಳಿದ ಮೂವರು ತುಂಬ ದೂರ ಹೋಗಿರುತ್ತಿದ್ದರು.

ಆಮೇಲೆ ಡೆಕ್ ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತೆ. ಈ ಡೆಕ್‌ನಲ್ಲಿ ಗೋಡೆಯ ಎತ್ತರಕ್ಕಿಂತ ಅದರ ಅಗ್ಗದ ಬೆಲೆ ಮುಖ್ಯ ಅಂತ ಅವತ್ತು ಗೊತ್ತಾಯಿತು. ಎರಡು ಮಾನಾದ ಗೋಡೆ ಆದರೆ ಒಂದೇ ಟರ್ನ್‌ನಲ್ಲಿ ಎರಡು ಮೂರು ಇಳಿಸಬಹುದು. ಇಳಿಸಿದ್ದಕ್ಕೆಲ್ಲ ಕಾರ್ಡ್ ಬರುತ್ತದೆ, ಬಂದ ಕಾರ್ಡ್‌ನಲ್ಲಿ ಇನ್ನೊಂದು ಗೋಡೆ. ಕೈ ಖಾಲಿ ಆಗುವುದೇ ಇಲ್ಲ. ಈಗ ನನ್ನ ಡೆಕ್‌ನಲ್ಲಿ 36 ಲ್ಯಾಂಡ್, 30 ಡಿಫೆಂಡರ್. ಆ 30ರಲ್ಲಿ 24 ಕಾರ್ಡ್‌ಗಳ ಬೆಲೆ ಮೂರು ಮಾನಾ ಅಥವಾ ಅದಕ್ಕಿಂತ ಕಡಿಮೆ.

ಅದರಲ್ಲಿ ನಾನು ಯಾವತ್ತೂ ತೆಗೆಯದ ಕೆಲವು ಇವೆ. ವಾಲ್ ಆಫ್ ಓಮೆನ್ಸ್ ಮತ್ತು ವಾಲ್ ಆಫ್ ಬ್ಲಾಸಮ್ಸ್, ಎರಡೂ ಎರಡು ಮಾನಾ, 0/4. ಇವು ತಾವಾಗಿಯೇ ಒಂದು ಕಾರ್ಡ್ ಕೊಡುತ್ತವೆ, ಆರ್ಕೇಡ್ಸ್ ಇದ್ದರೆ ಎರಡು. ಓವರ್‌ಗ್ರೋನ್ ಬ್ಯಾಟಲ್‌ಮೆಂಟ್ ಕೂಡ ಎರಡು ಮಾನಾದ 0/4. ನಮ್ಮ ಕಡೆ ಎಷ್ಟು ಡಿಫೆಂಡರ್ ಇವೆಯೋ ಅಷ್ಟು ಹಸಿರು ಮಾನಾ ಕೊಡುತ್ತದೆ. ಎರಡನೇ ಟರ್ನ್‌ನಲ್ಲಿ ಇದನ್ನು ಇಳಿಸಿದರೆ ಮೂರನೇ ಟರ್ನ್‌ಗೇ ಆರ್ಕೇಡ್ಸ್ ಬರುತ್ತದೆ. ಕೈಯಲ್ಲಿ ಇದು ಬಂದಾಗ ಈಗಲೂ ಖುಷಿಯಾಗುತ್ತದೆ. ದೊಡ್ಡದರಲ್ಲಿ ಉಳಿಸಿಕೊಂಡಿದ್ದು ವಾಲ್ ಆಫ್ ಡಿನಾಯಲ್. ಮೂರೇ ಮಾನಾಗೆ 0/8, ಹಾರುತ್ತದೆ, ಶ್ರೌಡ್ ಇರುವುದರಿಂದ ಯಾರೂ ಅದನ್ನು ಗುರಿ ಮಾಡುವಂತಿಲ್ಲ.

ಮುಂದಿನ ತೊಂದರೆ ಬೇರೆ ಥರದ್ದು. ಎಲ್ಲರೂ ಆರ್ಕೇಡ್ಸನ್ನೇ ಮೊದಲು ಕೊಲ್ಲುತ್ತಾರೆ. ಅದು ಹೋದರೆ ನನ್ನ ಗೋಡೆಗಳು ಮತ್ತೆ ಬರೀ ಗೋಡೆಗಳು. ಕಮಾಂಡರನ್ನು ವಾಪಸ್ ತರಬಹುದು, ಆದರೆ ಪ್ರತಿ ಸಲ ಎರಡು ಮಾನಾ ಜಾಸ್ತಿ. ಅದಕ್ಕೆ ರೋಲಿಂಗ್ ಸ್ಟೋನ್ಸ್ ಹಾಕಿಕೊಂಡೆ. ವಾಲ್‌ಗಳಿಗೆ ದಾಳಿ ಮಾಡಲು ಬಿಡುವ ಎನ್‌ಚಾಂಟ್‌ಮೆಂಟ್ ಅದು, ಅಂದರೆ ಮೇಜಿನ ಮೇಲೇ ಉಳಿದು ಕೆಲಸ ಮಾಡುವ ಕಾರ್ಡ್. ಆಡುವಾಗಲೇ ತಿಳಿದಿದ್ದು, ದಾಳಿ ಏನೋ ಆಗುತ್ತದೆ, ಆದರೆ ಹೊಡೆತ ಪವರ್ ಲೆಕ್ಕದಲ್ಲೇ, ಅಂದರೆ ಸೊನ್ನೆ. ಅಲ್ಲದೆ ಅದು ವಾಲ್‌ಗಳಿಗೆ ಮಾತ್ರ ಅನ್ವಯ. ಸಿಲ್ವಾನ್ ಕ್ಯಾರಿಯಾಟಿಡ್ ಡಿಫೆಂಡರ್ ಹೌದು, ಆದರೆ ಜಾತಿಯಲ್ಲಿ ಗಿಡ. ರೋಲಿಂಗ್ ಸ್ಟೋನ್ಸ್ ತೆಗೆದು ಹೈ ಅಲರ್ಟ್ ಮತ್ತು ಅಸಾಲ್ಟ್ ಫಾರ್ಮೇಶನ್ ಹಾಕಿದೆ. ಹೈ ಅಲರ್ಟ್ ದಾಳಿಯನ್ನೂ ಬಿಡುತ್ತದೆ, ಟಫ್‌ನೆಸ್ ಲೆಕ್ಕವನ್ನೂ ಕೊಡುತ್ತದೆ. ಅಸಾಲ್ಟ್ ಫಾರ್ಮೇಶನ್‌ನಲ್ಲಿ ಒಂದೊಂದು ಗೋಡೆ ದಾಳಿಗೆ ಹೋಗಲು ಒಂದೊಂದು ಹಸಿರು ಮಾನಾ ಕೊಡಬೇಕು.

ಹೈ ಅಲರ್ಟ್‌ನಲ್ಲಿ ಇನ್ನೊಂದು ವಿಷಯ ಇದೆ. ನಾಲ್ಕು ಮಾನಾ ಕೊಟ್ಟರೆ ಟ್ಯಾಪ್ ಆದ, ಅಂದರೆ ಬಳಸಿ ಅಡ್ಡ ತಿರುಗಿಸಿದ, ಒಂದು ಕ್ರೀಚರನ್ನು ಅನ್‌ಟ್ಯಾಪ್ ಮಾಡಿ ಮತ್ತೆ ಬಳಸಲು ಬಿಡುತ್ತದೆ. ಆಕ್ಸ್‌ಬೇನ್ ಗಾರ್ಡಿಯನ್ ಅನ್ನೋ ಡಿಫೆಂಡರ್ ಒಂದು ಟ್ಯಾಪ್‌ಗೆ ಡಿಫೆಂಡರ್‌ಗಳ ಎಣಿಕೆಯಷ್ಟು ಮಾನಾ ಕೊಡುತ್ತದೆ, ಬೇಕಾದ ಬಣ್ಣದಲ್ಲಿ. ಐದು ಡಿಫೆಂಡರ್ ಇದ್ದರೆ ಟ್ಯಾಪ್ ಮಾಡಿ ಐದು ಪಡೆದು, ನಾಲ್ಕು ಕೊಟ್ಟು ಮತ್ತೆ ಎಬ್ಬಿಸಬಹುದು. ಸುತ್ತಿಗೆ ಒಂದು ಮಾನಾ ಉಳಿಯುತ್ತಾ ಹೋಗುತ್ತದೆ, ಕೊನೆಯೇ ಇಲ್ಲ. ನಾಲ್ಕೇ ಇದ್ದರೆ ಏನೂ ಉಳಿಯುವುದಿಲ್ಲ. ಇದು ಕೈಕೂಡಿದಾಗ ಆಟ ಸುಮ್ನೆ ಮುಗಿದುಹೋಗುತ್ತದೆ. ಗೆಳೆಯರ ಜೊತೆ ಆಡುವಾಗ ನಾನು ಅದರ ಹಿಂದೆ ಬೀಳುವುದಿಲ್ಲ. ಗೋಡೆಗಳು ಎದ್ದು ನಡೆದು ಗೆಲ್ಲುವುದನ್ನು ನೋಡುವುದೇ ನನಗೆ ಇಷ್ಟ.

ಎದುರಾಳಿಗಳ ಮೇಜು ಖಾಲಿ ಮಾಡಲು ಮೊದಲು ಡಸ್ಕ್ ಅಂಡ್ ಡಾನ್ ನೆಚ್ಚಿಕೊಂಡಿದ್ದೆ. ಆ ಕಾರ್ಡ್‌ನ ಡಸ್ಕ್ ಅನ್ನೋ ಭಾಗ, ಪವರ್ ಮೂರು ಅಥವಾ ಜಾಸ್ತಿ ಇರುವ ಕ್ರೀಚರ್‌ಗಳನ್ನೆಲ್ಲ ನಾಶ ಮಾಡುತ್ತದೆ. ನನ್ನ ಗೋಡೆಗಳ ಪವರ್ ಸೊನ್ನೆ, ಏನೂ ಆಗಲ್ಲ ಅಂದುಕೊಂಡು ಆಡಿದೆ. "ಮಾಮ, ಆರ್ಕೇಡ್ಸ್ ಪವರ್ ಮೂರು ಅಲ್ವಾ?" ಅಂದ ಅಕ್ಕನ ಮಗ. ನಿಜ. ನನ್ನ ಕಮಾಂಡರನ್ನು ನಾನೇ ಕೊಂದಿದ್ದೆ. ಈಗ ಆ ಕೆಲಸಕ್ಕೆ ಸ್ಲಾಟರ್ ದ ಸ್ಟ್ರಾಂಗ್ ಇದೆ. ಪ್ರತಿಯೊಬ್ಬರೂ ಒಟ್ಟು ಪವರ್ ನಾಲ್ಕನ್ನು ಮೀರದಷ್ಟು ಕ್ರೀಚರ್‌ಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಆರ್ಕೇಡ್ಸ್ ಮೂರು, ಗೋಡೆಗಳೆಲ್ಲ ಸೇರಿ ಸೊನ್ನೆ. ನನ್ನದು ಒಂದೂ ಹೋಗುವುದಿಲ್ಲ. ಬೆಲೆ ಬರೀ ಮೂರು ಮಾನಾ.

ಹೋದ ತಿಂಗಳ ಒಂದು ಆಟದಲ್ಲಿ ಇದೆಲ್ಲ ಒಟ್ಟಿಗೆ ಕೂಡಿ ಬಂತು. ಅಕ್ಕನ ಮಗನೂ ನಾನೂ ಇಬ್ಬರೇ ಉಳಿದಿದ್ದೆವು. ಅವನ ಲೈಫ್ 29. ನನ್ನ ಹತ್ತಿರ ಆರ್ಕೇಡ್ಸ್, ಓಮೆನ್ಸ್, ಬ್ಲಾಸಮ್ಸ್, ಬ್ಯಾಟಲ್‌ಮೆಂಟ್, ಡಿನಾಯಲ್, ಐದು ಲ್ಯಾಂಡ್. ಮೊದಲು ಸ್ಲಾಟರ್ ದ ಸ್ಟ್ರಾಂಗ್. ಅವನ ಒಂಬತ್ತು ಕ್ರೀಚರ್‌ನಲ್ಲಿ ಉಳಿದಿದ್ದು ಒಂದು. ನಾಲ್ಕೂ ಗೋಡೆಗಳನ್ನು ಕಳಿಸಿದೆ, ಆರ್ಕೇಡ್ಸನ್ನು ಕಾವಲಿಗೆ ಹಿಂದೆ ಇಟ್ಟೆ. ಅವನು ಓಮೆನ್ಸ್‌ಗೆ ಅಡ್ಡ ನಿಂತ. ಉಳಿದ ಎರಡು ಮಾನಾದಲ್ಲಿ ಟವರ್ ಡಿಫೆನ್ಸ್ ಆಡಿದೆ. ನನ್ನ ಕ್ರೀಚರ್‌ಗಳಿಗೆಲ್ಲ +0/+5. ಒಂಬತ್ತು, ಒಂಬತ್ತು, ಹದಿಮೂರು. ಒಟ್ಟು 31. ಅವನು ಎರಡು ಸಲ ಎಣಿಸಿ ನೋಡಿದ.

ಇನ್ನೂ ಒಂದು ಕೊರತೆ ಉಳಿದಿದೆ. ದಾಳಿಗೆ ಹೋದ ಗೋಡೆ ಟ್ಯಾಪ್ ಆಗುತ್ತದೆ, ಹಿಂದೆ ಕಾವಲು ಇರುವುದಿಲ್ಲ. ಇದಕ್ಕೆ ಈ ವಾರ ಬ್ರೇವ್ ದ ಸ್ಯಾಂಡ್ಸ್ ಹಾಕಿ ನೋಡುತ್ತಿದ್ದೇನೆ. ಎರಡು ಮಾನಾದ ಎನ್‌ಚಾಂಟ್‌ಮೆಂಟ್. ಎಲ್ಲ ಗೋಡೆಗಳಿಗೂ ವಿಜಿಲೆನ್ಸ್ (ದಾಳಿಗೆ ಹೋದರೂ ಟ್ಯಾಪ್ ಆಗದ ಗುಣ) ಸಿಗುತ್ತದೆ, ಒಂದೊಂದೂ ಇಬ್ಬರನ್ನು ತಡೆಯಬಹುದು. ಅದಕ್ಕೆ ಜಾಗ ಮಾಡಲು ಡಸ್ಕ್ ಅಂಡ್ ಡಾನ್ ತೆಗೆದು ಡಬ್ಬಿಗೆ ಹಾಕಿದ್ದೇನೆ.